ಗಾಜಿನ ವೈಮಾನಿಕರ ಮುಂದೆ ನಮ್ಮ ಸನ್ಮಾನ

ಕಡಲಾಚೆಯ ಕೆನ್ಮೋರ್ ಊರಿನ ಚರ್ಚೊಂದರ ಹಾಲ್‌ನಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ನಡೆಯುತ್ತಿತ್ತು. ವೇದಿಕೆಯ ಹಿಂದೆ ಬಣ್ಣದ ಗಾಜಿನ ದೊಡ್ಡ ಕಿಟಕಿ. ಅದರಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತ ಮಿತ್ರರಾಷ್ಟ್ರಗಳ ವೈಮಾನಿಕರು ಮುಖ ಮೇಲೆತ್ತಿ ನಿಂತಿದ್ದರು. ಕೆಳಗೆ ಅವರ ಹೆಸರುಗಳು. ಆ ಹೆಸರುಗಳ ಮೇಲೆ ನಾವು ಪ್ರತಿ ವರ್ಷ ಫ್ಲೆಕ್ಸ್ ಕಟ್ಟುತ್ತಿದ್ದೆವು. ಸಮಿತಿಯವರ ಮುಖವನ್ನೂ ಜನ ನೋಡಬೇಕಲ್ಲ.

ಆ ವರ್ಷ ಅಧ್ಯಕ್ಷರಿಗೆ ಒಂದು ಯೋಚನೆ ಹೊಳೆಯಿತು. ಆ ಚರ್ಚಿಗೆ ಬರುವ, ತೊಂಬತ್ತು ದಾಟಿದ ಅಜ್ಜರೊಬ್ಬರು ಅದೇ ಯುದ್ಧದಲ್ಲಿ ವಿಮಾನ ಹಾರಿಸಿದವರು. ಅವರಿಗೊಂದು ಸನ್ಮಾನ ಮಾಡಿದರೆ ಮುಂದಿನ ವರ್ಷವೂ ಹಾಲ್ ಸಲೀಸಾಗಿ ಸಿಗುತ್ತದೆ. ಕರೆಯುವ ಕೆಲಸ ನಿರೂಪಕನಾದ ನನ್ನ ತಲೆಗೆ ಬಂತು.

ಅಜ್ಜ ಸನ್ಮಾನ ಬೇಡ, ಎರಡು ನಿಮಿಷ ಮೈಕ್ ಕೊಡಿ ಎಂದರು. ಯುದ್ಧದ ನಡುವೆ ಅವರ ವಿಮಾನ ರಿಪೇರಿಗೆಂದು ಬೆಂಗಳೂರಿಗೆ ಹೋಗಿತ್ತಂತೆ. ಮೇಲಿನವರು ಸರಿಯಿದೆ ಎಂದ ಎಂಜಿನ್ನನ್ನು ಅಲ್ಲಿನ ಮೆಕ್ಯಾನಿಕ್ ಒಬ್ಬ ಒಪ್ಪದೆ, ಜಗಳವಾಡಿ ಮತ್ತೆ ಬಿಚ್ಚಿಸಿ, ಒಳಗಿನ ಬಿರುಕು ತೋರಿಸಿದನಂತೆ. ತಾನು ಬದುಕಿದ್ದು ಅವನಿಂದ, ಕಿಟಕಿಯ ಕೆಳಗೆ ಅವನ ಹೆಸರನ್ನೂ ಬರೆಸಲು ಚರ್ಚಿನವರು ಒಪ್ಪಿದ್ದಾರೆ, ಆದರೆ ಹೆಸರೇ ಮರೆತುಹೋಗಿದೆ ಎಂದರು. ಉಳಿದಿದ್ದು ಅವನದೊಂದು ಫೋಟೊ. ಬೆಂಗಳೂರಿನವರು ಇಷ್ಟು ಜನ ಸೇರುತ್ತೀರಿ, ಅವನು ನಿಮ್ಮಲ್ಲೇ ಯಾರಾದರೊಬ್ಬರ ಅಜ್ಜನಿರಬಹುದು ಎಂಬುದು ಅವರ ಆಸೆ. ನಾನು ಮಾತು ಕೊಟ್ಟೆ.

ನಮ್ಮಲ್ಲಿ ಸನ್ಮಾನವೆಂದರೆ ಗೊತ್ತಲ್ಲ. ಪೇಟ ಇಟ್ಟೆವು, ಕಿವಿಯವರೆಗೆ ಇಳಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ಜೇಬಿನಿಂದ ಫೋಟೊ ತೆಗೆಯಲು ಅಜ್ಜನಿಗೆ ಕೈಯೇ ಖಾಲಿ ಇರಲಿಲ್ಲ. ಅಧ್ಯಕ್ಷರು ಎರಡೇ ಮಾತು ಎಂದು ಕದಂಬರಿಂದ ಶುರುಮಾಡಿ, ಹೊಯ್ಸಳರನ್ನು ಮುಟ್ಟುವಷ್ಟರಲ್ಲಿ ಅರ್ಧ ಗಂಟೆ. ಮಾಜಿ ಅಧ್ಯಕ್ಷರು ಸುಮ್ಮನಿರುತ್ತಾರೆಯೇ? ಅವರದೂ ಆಯಿತು. ಆಮೇಲೆ ಸಮಿತಿಯ ಅಷ್ಟೂ ಜನ ವೇದಿಕೆ ಹತ್ತಿ ಗ್ರೂಪ್ ಫೋಟೊ. ಅಜ್ಜ ನನ್ನ ಕಡೆ ನೋಡಿದರು. ಮೈಕ್ ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಊಟದ ಉಸ್ತುವಾರಿಯವರು ಕೆಳಗಿನಿಂದ, "ರೀ, ಬಿಸಿಬೇಳೆಬಾತ್ ಆರಿಹೋಗ್ತಿದೆ, ಅನೌನ್ಸ್ ಮಾಡ್ಬಿಡಿ" ಎಂದರು. ಥೂ, ನನ್ನ ಜನ್ಮಕ್ಕಿಷ್ಟು, ಮಾಡಿಯೇಬಿಟ್ಟೆ. ಒಂದೇ ನಿಮಿಷದಲ್ಲಿ ಕುರ್ಚಿಗಳೆಲ್ಲ ಖಾಲಿಯಾದವು.

ಮುಂದಿನ ವರ್ಷ ಮೊದಲ ಮಾತು ನಿಮ್ಮದೇ ಎಂದು ಅಜ್ಜನೆದುರು ಹಲ್ಲು ಕಿರಿದೆ. ಅವರು ಪೇಟ ತೆಗೆದಿಟ್ಟರು. ಶಾಲನ್ನು ನೀಟಾಗಿ ಮಡಿಸಿ, ಮೇಲೆ ಫೋಟೊ ಇಟ್ಟು ನನ್ನ ಕೈಗೆ ಕೊಟ್ಟರು.

"ನನಗೆ ಮುಂದಿನ ವರ್ಷ ಇದೆಯೋ ಇಲ್ಲವೋ," ಎಂದರು ತಮ್ಮ ಇಂಗ್ಲಿಷಿನಲ್ಲಿ. "ಯಾರಾದರೂ ಗುರುತು ಹಿಡಿದರೆ ಹೆಸರು ತಿಳಿಸಿ. ಶಾಲು ಅವನ ಮನೆಯವರಿಗೆ."

ಎರಡನ್ನೂ ಹಿಡಿದು ಊಟದ ಸಾಲಿಗೆ ಹೋದೆ. ಅಧ್ಯಕ್ಷರ ಮುಖ ಅರಳಿತು. "ಓ, ವಾಪಸ್ ಕೊಟ್ರಾ? ಒಳ್ಳೇದಾಯ್ತು ಬಿಡಿ, ಯುಗಾದಿ ಗೆಸ್ಟ್‌ಗೆ ಇದನ್ನೇ ಹೊದಿಸೋಣ," ಎಂದು ಶಾಲನ್ನು ಎತ್ತಿಕೊಂಡರು. ನಾನು ಫೋಟೊವನ್ನು ಎದೆಯ ಮುಂದೆ ಹಿಡಿದು ಸಾಲಿನ ಆ ತುದಿಯವರೆಗೂ ನಡೆದೆ. ಒಬ್ಬರು ಮಾತ್ರ ನನ್ನನ್ನು ತಡೆದು, ಹಪ್ಪಳ ಮುಗಿದುಹೋಯಿತಾ ಎಂದು ಕೇಳಿದರು.