ಹಿಮಾಲಯಕ್ಕೆ ಹೊರಟು ಸೊರಬ ತಲುಪಿದ್ದು

ಇಪ್ಪತ್ತೊಂದು ವರ್ಷದಿಂದ ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಹಿಮಾಲಯ ಬರೆಯುತ್ತೇನೆ, ಸೀಮೆಸುಣ್ಣವನ್ನು ಅಡ್ಡ ಹಿಡಿದು ಅದರ ತುದಿಗೆ ಹಿಮ ಬಳಿಯುತ್ತೇನೆ, ಗಂಟೆ ಹೊಡೆದ ಕೂಡಲೇ ಒರೆಸುತ್ತೇನೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನೀವು ಹಿಮ ನೋಡೀರಾ?" ಎಂದು ಕೇಳಿದಳು.

"ಫೋಟೋದಲ್ಲಿ ನೋಡಿದೀನಿ" ಎಂದೆ.

"ಫೋಟೋದಲ್ಲಿ ನಾವೂ ನೋಡೀವಿ ಮಿಸ್" ಎಂದು ಕೂತಳು.

ಅವಳ ಮಾತಿನಲ್ಲಿ ಕುಚೋದ್ಯವೇನೂ ಇರಲಿಲ್ಲ. ಇದ್ದಿದ್ದರೆ ಎರಡು ಬೈದು ಮರೆತುಬಿಡುತ್ತಿದ್ದೆ. ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದೆ: ಒಂದು ಸಲವಾದರೂ ಹಿಮ ನೋಡಬೇಕು, ಮನಾಲಿಗಾದರೂ ಹೋಗಿಬರೋಣ.

ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಈ ಲೋಕದಲ್ಲಿ ಪ್ರತಿಯೊಂದು ವಸ್ತುವಿಗೂ ಎಲ್ಲೋ ಒಂದು ಆಫರ್ ಇದ್ದೇ ಇರುತ್ತದೆ, ಅದನ್ನು ಹುಡುಕದೆ ಪೂರ್ತಿ ಬೆಲೆ ಕೊಡುವವರು ದಡ್ಡರು ಎಂಬುದು ಅವರ ನಂಬಿಕೆ. ಟೂತ್‌ಪೇಸ್ಟಿನ ಜೊತೆ ಬರುವ ಪುಕ್ಕಟೆ ಬ್ರಷ್ಷುಗಳು ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಇವೆ. ನನ್ನ ಮಾತು ಕೇಳಿ ಅವರ ಕಣ್ಣು ಹೊಳೆಯಿತು. "ತಡಿ, ಏನಾರ ಐತಾ ನೋಡ್ತೀನಿ" ಎಂದು ಮೊಬೈಲು ಹಿಡಿದು ಕೂತರು.

ನಾನು ಅಷ್ಟೆಲ್ಲ ಹುಡುಕಲು ಹೋಗಲಿಲ್ಲ. ನಮ್ಮ ಬೀದಿಗೆ ದಿನಾ ಸಂಜೆ ಸಹಕಾರ ಸಂಘದ ಪಿಗ್ಮಿಯವರು ಬರುತ್ತಾರೆ. ಕೊರಳಿಗೆ ಚೀಲ, ಕೈಯಲ್ಲಿ ಚೀಟಿ ಕಕ್ಕುವ ಪುಟ್ಟ ಮಿಷನ್ನು. ಮನೆ ಮನೆಯಿಂದ ಆಯಾ ದಿನದ ಉಳಿತಾಯ ವಸೂಲು ಮಾಡಿ ಸಂಘಕ್ಕೆ ಕಟ್ಟುವುದು ಅವರ ಕೆಲಸ. ಮಾರನೆಯ ದಿನವೇ ಅವರ ಹತ್ತಿರ ಒಂದು ಹೊಸ ಖಾತೆ ತೆರೆದೆ. ಏತಕ್ಕೆಂದು ಕೇಳಿದರು. ಹೇಳಬಾರದಿತ್ತು, ಹೇಳಿಬಿಟ್ಟೆ.

ಅಂದಿನಿಂದ ಅವರು ಗೇಟಿನ ಹೊರಗಿನಿಂದಲೇ, "ಮೇಡಂ, ಹಿಮಾಲಯ!" ಎಂದು ಕೂಗತೊಡಗಿದರು. ನಮ್ಮ ಮನೆಯಿಂದ ಹೊರಟು ಮುಂದಿನ ಮನೆಗೆ ಹೋದಾಗ ಅಲ್ಲಿಯೂ, "ಟೀಚರಮ್ಮರ ಹಿಮಾಲಯ ಅರ್ಧ ಆತು ನೋಡ್ರಿ" ಎಂದು ವರದಿ ಒಪ್ಪಿಸುತ್ತಿದ್ದರು. ಹೀಗಾಗಿ ನನ್ನ ಹತ್ತಿರ ಗುಟ್ಟಾಗಿ ಒಂದು ಗಂಟು ಬೆಳೆಯುತ್ತಿದೆ ಎಂಬುದು ನಮ್ಮ ಬೀದಿಗೂ, ನನ್ನ ಶಾಲೆಗೂ, ನನ್ನ ತಂಗಿಯ ಊರಿಗೂ ತಿಳಿಯಿತು. ಮೊದಲು ತಂಗಿ ಮಗಳ ನಾಮಕರಣ ಬಂತು. ಆಮೇಲೆ ಗಂಡನ ಹಲ್ಲು. ಆಮೇಲೆ ವಾಷಿಂಗ್ ಮಿಷನ್ನು, ಇನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ ಎಂಬ ಸ್ಥಿತಿಗೆ ಬಂತು. ಮೂರು ಸಲವೂ ಹಿಮಾಲಯ ಕರಗಿ ನೀರಾಯಿತು.

"ನಿನ್ನ ಪಿಗ್ಮಿ ಅಂದ್ರೆ ಓಣಿ ನಲ್ಲಿ ಇದ್ದಂಗೆ. ಯಾರ್ ಬೇಕಾದ್ರೂ ಕೊಡ ಹಿಡೀತಾರೆ" ಎಂದರು ಗಂಡ, ಹೊಸ ಹಲ್ಲು ತೋರಿಸುತ್ತ. "ನಂದು ನೋಡು."

ಅವರು ತೋರಿಸಿದ್ದು ಒಂದು ಕಾರ್ಡು. ಯಾವುದೋ ಪ್ರವಾಸದ ಕಂಪನಿಯ ಗಿಫ್ಟ್ ಕಾರ್ಡು. ಮುಂಗಡವಾಗಿ ದುಡ್ಡು ಕಟ್ಟಿದರೆ ಅಷ್ಟೇ ಬೆಲೆಯ ಕಾರ್ಡು ಬಂಗಾರದ ಬಣ್ಣದ ಲಕೋಟೆಯಲ್ಲಿ ಕೊರಿಯರ್‌ನಲ್ಲಿ ಬರುತ್ತದೆ, ನೂರಕ್ಕೆ ಹತ್ತು ಹೆಚ್ಚುವರಿಯಾಗಿ ಸಿಗುತ್ತದೆ, ಪ್ರವಾಸದ ಹೊತ್ತಿಗೆ ಕಾರ್ಡು ಕೊಟ್ಟರೆ ಮುಗಿಯಿತು. ಕಾರ್ಡಿನ ಮೇಲೆ ಹಿಮದ ಬೆಟ್ಟ, ಬೆಟ್ಟದ ಮುಂದೆ ಕೈ ಕೈ ಹಿಡಿದು ನಗುವ ಗಂಡ ಹೆಂಡತಿ. ನಾವು ಹಾಗೆ ಕೈ ಹಿಡಿದದ್ದು ಮದುವೆಯಲ್ಲಿ, ಪುರೋಹಿತರು ಹೇಳಿದರೆಂದು.

"ಇದನ್ನ ಹಲ್ಲಿಗೂ ಕೊಡಕ್ಕಾಗಲ್ಲ, ನಾಮಕರಣಕ್ಕೂ ಕೊಡಕ್ಕಾಗಲ್ಲ. ಪ್ರವಾಸಕ್ಕೆ ಮಾತ್ರ. ತಿಳೀತಾ?" ಎಂದರು.

ನನಗೆ ಹೊಟ್ಟೆಕಿಚ್ಚೇ ಆಯಿತು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ತಿಂಗಳಿಗೊಂದರಂತೆ ಲಕೋಟೆಗಳು ಬಂದವು. ಗಂಡ ಅವನ್ನು ಬೀರುವಿನಲ್ಲಿ ನನ್ನ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟರು. ಮೈದುನ ಸಾಲ ಕೇಳಲು ಬಂದಾಗ, "ದುಡ್ಡೆಲ್ಲಾ ಕಾರ್ಡ್‌ನಾಗೆ ಐತಪ್ಪಾ" ಎಂದು ಒಂದನ್ನು ತಂದು ತೋರಿಸಿದರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಾಫಿ ಕುಡಿದು ಹೊರಟುಹೋದ.

ಹನ್ನೊಂದು ಕಾರ್ಡಾದಾಗ ಬೇಸಿಗೆ ರಜೆಗೆ ಮನಾಲಿ ಎಂದು ತೀರ್ಮಾನ ಮಾಡಿ, ಒಂದು ಭಾನುವಾರ ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕಂಪನಿಗೆ ಫೋನು ಮಾಡಿದರು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಅದೊಂದು ತಪ್ಪಾಯಿತು.

ತುಂಬ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಾಕೆ ಬಹಳ ವಿನಯದಿಂದ ಮಾತಾಡಿದರು. ಕಾರ್ಡು ರೈಲಿಗೂ ವಿಮಾನಕ್ಕೂ ನಡೆಯುವುದಿಲ್ಲ ಸರ್, ವಸತಿಗೆ ಮಾತ್ರ. ಮನಾಲಿಯಲ್ಲಿ ನಮ್ಮ ವಸತಿ ಇತ್ತು ಸರ್, ಈಗಿಲ್ಲ. ಶನಿವಾರ, ಭಾನುವಾರ, ಹಬ್ಬ, ಬೇಸಿಗೆ ರಜೆಗಳಲ್ಲಿ ಕಾರ್ಡು ನಡೆಯುವುದಿಲ್ಲ ಸರ್.

"ಮತ್ತೆ ಯಾವಾಗ ನಡೀತದಮ್ಮ?" ಎಂದರು ಗಂಡ.

"ಉಳಿದ ಎಲ್ಲಾ ದಿನ ನಡೆಯುತ್ತೆ ಸರ್. ಆದರೆ ಹಳೇ ಆಫರಿನ ನಿಮ್ಮ ಆರು ಕಾರ್ಡುಗಳ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತೆ."

ಆಗ ಫೆಬ್ರವರಿ ಎರಡನೇ ವಾರ. ಗಂಡ ನನ್ನ ಮುಖ ನೋಡಲಿಲ್ಲ. ಕಾರ್ಡುಗಳ ಮೇಲಿನ ಬೆಟ್ಟವನ್ನೇ ನೋಡುತ್ತ, "ಈ ತಿಂಗಳು ಎಲ್ಲಿ ಖಾಲಿ ಐತೆ ನೋಡ್ರಿ" ಎಂದರು. ಆಕೆ ಹುಡುಕಿದರು. ಮತ್ತೆ ಸಂಗೀತ. ಆಮೇಲೆ ಖುಷಿಯಿಂದ ಹೇಳಿದರು: "ಒಂದು ಅಪರೂಪದ ರೆಸಾರ್ಟ್ ಇದೆ ಸರ್. ಕಾಡಿನ ಅಂಚು, ಹಳ್ಳಿಯ ಅನುಭವ, ನಗರದಿಂದ ಬಹಳ ದೂರ. ಸೊರಬ ಅಂತ. ಕೇಳಿದ್ದೀರಾ?"

ನನ್ನ ತವರು ಜಡೆ, ಅದೇ ಸೊರಬ ತಾಲ್ಲೂಕಿನ ಹಳ್ಳಿ. ನಾನು ಓದಿದ್ದು ಸೊರಬದಲ್ಲಿ. ಆ ರೆಸಾರ್ಟಿನಿಂದ ನಮ್ಮಮ್ಮನ ಮನೆಗೆ ಆಟೋದಲ್ಲಿ ಕಾಲು ಗಂಟೆ. ಗಂಡ ನಿಧಾನಕ್ಕೆ, "ಕೇಳಿದೀವಿ" ಎಂದರು.

ಎರಡು ದಿನ ರಜೆ ಕೇಳಲು ಹೋದಾಗ ಹೆಡ್ ಮೇಷ್ಟ್ರು ಎಲ್ಲಿಗೆ ಪ್ರವಾಸ ಎಂದು ಕೇಳಿದರು. ಸೊರಬಕ್ಕೆ ಎಂದೆ. ಅವರು ಪೆನ್ನು ಕೆಳಗಿಟ್ಟು, "ಪಾಸ್‌ಪೋರ್ಟ್ ಮಾಡ್ಸೀರಿ ತಾನೆ?" ಎಂದರು. ಸ್ಟಾಫ್ ರೂಮಿನಲ್ಲಿ ವಾರವಿಡೀ ಅದೇ ಮಾತಾಯಿತು.

ಮಂಗಳವಾರ ಬೆಳಿಗ್ಗೆ ದೊಡ್ಡ ಸೂಟ್‌ಕೇಸ್ ಹಿಡಿದು ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು ಹತ್ತಿದೆವು. ಅಮ್ಮನಿಗೆ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಗುರುತು ಹಿಡಿದಾರೆಂದು ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು, ಕಳ್ಳಿಯ ಹಾಗೆ ಆಟೋ ಹತ್ತಿದೆ.

ರೆಸಾರ್ಟಿನ ಬಾಗಿಲಲ್ಲಿ ನಮ್ಮ ಹಣೆಗೆ ಕುಂಕುಮವಿಟ್ಟು, ಬೆಲ್ಲ ನೀರು ಕೊಟ್ಟರು. "ಇದು ಇಲ್ಲಿನ ಹಳ್ಳಿಗರ ಪದ್ಧತಿ ಮೇಡಂ" ಎಂದು ಸೂಟು ತೊಟ್ಟ ಮ್ಯಾನೇಜರು ವಿವರಿಸಿದರು. ನಾನು ತಲೆಯಾಡಿಸಿದೆ. ರೂಮಿನ ಗೋಡೆಯ ಮೇಲೆ ಒಂದು ಮೊರ, ಒಂದು ಜರಡಿ, ಒಂದು ಹಳೇ ಕಂದೀಲು ನೇತಾಡುತ್ತಿದ್ದವು. ಮೇಜಿನ ಮೇಲೆ ಚಿಕ್ಕ ಬಾಟಲಿ. ಗಂಡ ಅದನ್ನು ಮೂಸಿ ನೋಡಿ, "ಮಸಾಜಿನ ಎಣ್ಣೆ ಇರ್ಬೇಕು, ಕಾರ್ಡಿನ ಜೊತೆ ಫ್ರೀ" ಎಂದು ಹಣೆಗೂ ಕತ್ತಿಗೂ ಚೆನ್ನಾಗಿ ತಿಕ್ಕಿಕೊಂಡರು. ಅದು ಕಾಡಿಗೆ ಹೋಗುವವರು ಮಂಗನ ಕಾಯಿಲೆ ಹರಡುವ ಉಣುಗು ಹುಳ ಹತ್ತದಿರಲೆಂದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಆ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರಿನ ಕಡೆಯವರಿಗೆ ಈ ಕಾಲದಲ್ಲಿ ಆ ವಾಸನೆ ಹೊಸದಲ್ಲ. ಶಿಕಾರಿಪುರದ ಬಯಲಿನವರಿಗೆ ಎಲ್ಲಿ ತಿಳಿಯಬೇಕು? ನಾನು ಹೇಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಡೀ ದಿನ ಅವರ ಹತ್ತಿರ ಒಂದು ಸೊಳ್ಳೆಯೂ ಸುಳಿಯಲಿಲ್ಲ, ನಾನೂ ಸುಳಿಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಅಕ್ಕಿ ರೊಟ್ಟಿ, ಬಸಳೆ ಸೊಪ್ಪಿನ ಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಬಡಿಸಲು ಬಂದಾಕೆ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರೂ ಏಳನೇ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರು. ಈಗ ಅವಳು ಅಲ್ಲಿನ ಅಡುಗೆಯವಳು.

"ಏ ಮಾರಾಯ್ತಿ, ನೀನಾ! ಇಲ್ಲೆಂಥ ಮಾಡ್ತಿದೀಯೆ?" ಎಂದಳು.

"ಪ್ರವಾಸಕ್ಕೆ ಬಂದ್ವಿ ಕಣೆ."

"ಎಲ್ಲಿಗೆ?"

"ಇಲ್ಲಿಗೇ."

ಅವಳು ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಅಮ್ಮಂಗೆ ಗೊತ್ತಾ?" ಎಂದು ಕೇಳಿದಳು. ಗಂಡ ತುಂಬ ಗಂಭೀರವಾಗಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಆದರೆ ಆ ಮಧ್ಯಾಹ್ನ ನನಗೆ ಸುಖವಾಯಿತು ಎಂಬುದನ್ನೂ ಬರೆಯಬೇಕು. ನಾನು ಕೂತಿದ್ದೆ, ಯಾರೋ ಬಡಿಸುತ್ತಿದ್ದರು. ಎಷ್ಟೋ ವರ್ಷವಾಗಿತ್ತು ಹಾಗಾಗಿ. ಕೆಲಸ ಮುಗಿಸಿ ಗೆಳತಿ ಹಿಂದಿನ ಕಟ್ಟೆಗೆ ಬಂದಳು. ತನ್ನ ಗಂಡ ಸತ್ತ ಮೇಲೆ ಇಲ್ಲಿಗೆ ಸೇರಿದ್ದು, ಮಗಳನ್ನು ನರ್ಸಿಂಗ್ ಓದಿಸುತ್ತಿರುವುದು, ಬೆಂಗಳೂರಿನವರು ಒಲೆಯ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ತೆಗೆಯುವುದು ಎಲ್ಲ ಹೇಳಿದಳು. ಹೊತ್ತು ಮುಳುಗುವವರೆಗೂ ಮಾತಾಡಿದೆವು. ಒಳಗೆ ಗಂಡ ರೆಸಾರ್ಟಿನವರು ಕೊಟ್ಟ ಸೋಪು, ಶಾಂಪೂ, ಚಹಾ ಪುಡಿಯ ಪೊಟ್ಟಣಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದರು.

ಗೆಳತಿ ನಮ್ಮಮ್ಮನಿಗೆ ಫೋನು ಮಾಡಿಯೇಬಿಟ್ಟಿದ್ದಳು. ಮಾರನೆಯ ದಿನ ಒಂಬತ್ತು ಗಂಟೆಗೆ ಬಾಗಿಲಲ್ಲಿ ಗಲಾಟೆ ಕೇಳಿಸಿತು. "ಬುಕಿಂಗ್ ಇದೆಯಾ ಅಮ್ಮಾ?" ಎನ್ನುತ್ತಿದ್ದರು ಮ್ಯಾನೇಜರು. "ಮಗಳಿದಾಳೆ ಒಳಗೆ. ಅದಕ್ಕಿಂತ ಎಂಥ ಬುಕ್ಕಿಂಗು?" ಎನ್ನುತ್ತಿದ್ದರು ಅಮ್ಮ. ಎಪ್ಪತ್ತರ ಹತ್ತಿರದ ಅಮ್ಮ ನನ್ನ ತಮ್ಮನ ಸಂಸಾರದ ಜೊತೆ ಇರುವವರು. ಈಗಲೂ ಗದ್ದೆಯ ಯಜಮಾನಿಕೆ ಅವರದೇ. ಒಳಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲೇ, ಅಮ್ಮನ ಮನೆ ಇಟ್ಕಂಡು ದುಡ್ಡು ಕೊಟ್ಟು ರೊಟ್ಟಿ ತಿನ್ನಕ್ಕೆ ಬಂದ್ಯನೇ?"

"ದುಡ್ಡಲ್ಲ ಅತ್ತೆ, ಕಾರ್ಡು" ಎಂದರು ಗಂಡ, ಸಮಾಧಾನ ಮಾಡುವವರಂತೆ.

ಅಮ್ಮ ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದು ಹಿಡಿದರು. "ಕಾರ್ಡು ಅಂದ್ರೆ ಇದು ನೋಡಿ ಅಳಿಯಂದ್ರೆ. ಇದನ್ನ ತೋರ್ಸಿದ್ರೆ ಬಸ್ಸು ಫ್ರೀ. ಭಾನುವಾರನೂ ಫ್ರೀ."

ಅಷ್ಟರಲ್ಲಿ ಅಂಗಳದಲ್ಲಿ 'ಹಳ್ಳಿಯ ಅನುಭವ' ಶುರುವಾಗಿತ್ತು. ಪಟ್ಟಣದಿಂದ ಬಂದ ನಾಲ್ಕು ಜನ ಒರಳಿನ ಸುತ್ತ ನಿಂತು ಒನಕೆಯಿಂದ ಭತ್ತ ಕುಟ್ಟುತ್ತಿದ್ದರು. ಕುಟ್ಟಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಅಮ್ಮನಿಗೆ ಚೆಲ್ಲಿದ ಭತ್ತ ನೋಡಿ ತಡೆಯಲಾಗಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಅಲ್ಲೇ ಬಿಟ್ಟು ಹೋಗಿ ಒನಕೆ ಕಿತ್ತುಕೊಂಡರು. ಸೆರಗು ಬಿಗಿದು, ಒಂದು ಕೈಯಿಂದ ಇನ್ನೊಂದು ಕೈಗೆ ಒನಕೆ ಬದಲಿಸುತ್ತ ಕುಟ್ಟಿದರು, ಮೊರ ತರಿಸಿ ಕೇರಿದರು. ನಡುನಡುವೆ ಅವರನ್ನು ಬೈದರು. ಜನ ಚಪ್ಪಾಳೆ ತಟ್ಟಿದರು. ಮ್ಯಾನೇಜರು ನನ್ನ ಪಕ್ಕಕ್ಕೆ ಬಂದು, "ಮೇಡಂ, ನಿಮ್ಮ ತಾಯಿ ವಾರಕ್ಕೆ ಎರಡು ದಿನ ಬರ್ತಾರಾ? ಸಂಬಳ ಕೊಡ್ತೀವಿ" ಎಂದು ಮೆತ್ತಗೆ ಕೇಳಿದರು.

ಅಮ್ಮ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವರು ಬೆವರು ಒರೆಸಿಕೊಂಡು, "ಎಷ್ಟು ಕೊಡ್ತೀರಿ?" ಎಂದರು.

ಹೀಗೆ ನಮ್ಮ ಪ್ರವಾಸದಿಂದ ಅಮ್ಮನಿಗೆ ನೌಕರಿ ಸಿಕ್ಕಿತು. ಹತ್ತು ತಿಂಗಳು ಮಾಡಿದರು. ಅಡುಗೆಯಲ್ಲಿ ಬೆಲ್ಲ ಹೆಚ್ಚು ಹಾಕಿಸುತ್ತೀರಿ ಎಂದು ಒಂದು ದಿನ ಅತಿಥಿಗಳ ಮುಂದೆಯೇ ಮ್ಯಾನೇಜರನ್ನು ಬೈದು, ತಾವಾಗಿಯೇ ಬಿಟ್ಟು ಬಂದರು. ಅವಧಿಯಿದ್ದ ಉಳಿದ ಐದು ಕಾರ್ಡುಗಳನ್ನು ಗಂಡ ತಮ್ಮ ಮೇಲಧಿಕಾರಿಯ ವರ್ಗಾವಣೆಗೆ, ಯಾರ್ಯಾರದೋ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಟ್ಟು ಕೈತೊಳೆದುಕೊಂಡರು. ಪಡೆದವರು ಬಹಳ ಸಂತೋಷಪಟ್ಟರಂತೆ. ಫೋನು ಮಾಡುವವರೆಗೆ ಎಲ್ಲರಿಗೂ ಸಂತೋಷವೇ.

ನಾನು ಪಿಗ್ಮಿಯವರನ್ನು ಒಂದು ಸಂಜೆ ಗೇಟಿನೊಳಗೆ ಕರೆದು ಹೇಳಿದೆ: "ಇನ್ಮೇಲೆ ಹಿಮಾಲಯ ಅನ್ನಬ್ಯಾಡ್ರಿ. ಖಾತೆ ಮುಚ್ಚಿದಾರೆ ಅಂತ ಹೇಳ್ರಿ." ಅವರು ಮಾತಿಗೆ ತಪ್ಪಲಿಲ್ಲ. ಎಷ್ಟು ಚೆನ್ನಾಗಿ ಹೇಳಿದರೆಂದರೆ, ನಮಗೆ ಏನೋ ದೊಡ್ಡ ಕಷ್ಟ ಬಂದಿದೆ ಎಂದು ಪಕ್ಕದ ಮನೆಯವರು ತಾವಾಗಿಯೇ ಬಂದು ವಿಚಾರಿಸಿದರು. ಒಂದು ವರ್ಷ ಯಾರೂ ಏನೂ ಕೇಳಲಿಲ್ಲ. ಪಿಗ್ಮಿಯವರು ಮಾತ್ರ ದಿನಾ ಬಂದು, ಹಿತ್ತಲ ಬಾಗಿಲಲ್ಲಿ ದುಡ್ಡು ತೆಗೆದುಕೊಂಡು, ಸದ್ದಿಲ್ಲದೆ ಚೀಟಿ ಹರಿದುಕೊಟ್ಟು ಹೋಗುತ್ತಿದ್ದರು.

ಮರುವರ್ಷದ ಮೇ ತಿಂಗಳಲ್ಲಿ ಮನಾಲಿಗೆ ಹೊರಟೆವು. ಅಮ್ಮ ತಮ್ಮ ಸಂಬಳದ ಗಂಟನ್ನು ನನ್ನ ಕೈಗಿಟ್ಟು, "ನಾನೂ ಬರ್ತೀನಿ" ಎಂದರು. ರೈಲಿನಲ್ಲಿ ಎರಡು ರಾತ್ರಿ, ಆಮೇಲೆ ಬಸ್ಸು, ಆಮೇಲೆ ಜೀಪು. ಗಂಡ ದಾರಿಯುದ್ದಕ್ಕೂ ಪೂರ್ತಿ ಬೆಲೆ ಕೊಟ್ಟು ಟಿಕೆಟ್ಟು ಕೊಂಡು, ಪ್ರತಿ ಸಲವೂ ನಿಟ್ಟುಸಿರು ಬಿಟ್ಟರು. ಮೇಲೆ ಕಣಿವೆಯಲ್ಲಿ ಬಾಡಿಗೆಗೆ ಕೋಟು, ಬೂಟು ಕೊಡುವ ಅಂಗಡಿಗಳಿದ್ದವು. ಎಷ್ಟು ಜನ ತೊಟ್ಟಿದ್ದರೋ, ಕೋಟಿಗೆ ಹಳೇ ಬಸ್ಸಿನ ಸೀಟಿನ ವಾಸನೆ. ಅಮ್ಮ ನೂಲಿನ ಸೀರೆಯ ಮೇಲೆ ಕೆಂಪು ಕೋಟು ತೊಟ್ಟು, ಮೊಣಕಾಲಿನವರೆಗೆ ಬೂಟು ಹಾಕಿಕೊಂಡು ನನ್ನ ತೋಳು ಹಿಡಿದು ನಡೆದರು.

ದಾರಿಯ ಪಕ್ಕದ ಹಿಮ ಟಯರುಗಳ ಕೆಸರು ಮೆತ್ತಿ ಕಪ್ಪಾಗಿತ್ತು. ಸ್ವಲ್ಪ ಮೇಲೆ ಹತ್ತಿದ ಮೇಲೆ ಬಿಳಿಯದು ಸಿಕ್ಕಿತು. ಕಣ್ಣು ಕುಕ್ಕುವಷ್ಟು ಬೆಳಕಿತ್ತು, ಹಲಗೆಯ ಮೇಲೆ ನಾನು ಯಾವತ್ತೂ ಬರೆಯದಿದ್ದುದು ಆ ಬೆಳಕು. ಗಂಡ ಗಾಳಿಗೆ ಬೆನ್ನು ಮಾಡಿ ನಿಂತು, "ಬಂದಿದ್ದು ಒಳ್ಳೇದಾತು" ಎಂದರು. ಅಷ್ಟು ಹೇಳಿ ಮೂಗು ಒರೆಸಿಕೊಂಡರು.

ಅಮ್ಮ ಕೆಳಗೆ ಕೂತು, ಒಂದು ಹಿಡಿ ಹಿಮ ಎತ್ತಿ, ಮೂಸಿ ನೋಡಿ ಬಾಯಿಗೆ ಹಾಕಿಕೊಂಡರು. ನಾಲಿಗೆ ಚಪ್ಪರಿಸಿದರು.

"ಎಂಥ ರುಚಿನೂ ಇಲ್ಲ ಕಣೆ" ಎಂದರು. ಆಮೇಲೆ ಇನ್ನೊಂದು ಹಿಡಿ ಎತ್ತಿಕೊಂಡರು.