ಅಕ್ಕ ಕಳಿಸಿದ ಚೌಕಗಳು

“ಇದ್ರಾಗ ನಮ್ಮಕ್ಕ ಏನ್ ಬರದಾಳ, ಸ್ವಲ್ಪ ಓದಿ ಹೇಳವಾ,” ಎಂದು ಪರಿಚಯದ ಅಜ್ಜಿಯೊಬ್ಬರು ತಮ್ಮ ಫೋನನ್ನು ನನ್ನ ಕೈಗಿಟ್ಟರು. ಅಮೆರಿಕದ ಆಸ್ಟಿನ್‌ನಲ್ಲಿ ಓದುತ್ತಿರುವ ನಾನು ಪಕ್ಕದ ಲಿಯಾಂಡರ್ ಊರಿನಲ್ಲಿರುವ ಅವರ ಮಗನ ಮನೆಗೆ ಪೂಜೆಯ ಊಟಕ್ಕೆ ಹೋಗಿದ್ದೆ. ನೋಡಿದರೆ ಪರದೆಯ ತುಂಬ ಖಾಲಿ ಚೌಕಗಳು. ಒಂದಕ್ಷರವೂ ಇಲ್ಲ.

ಅದು ಇಲ್ಲಿಯ ಮೊಬೈಲ್ ಕಂಪನಿಯೊಂದು ತನ್ನ ಹೆಸರು ಹಾಕಿ ಮಾರಿದ ಫೋನು. ಅಜ್ಜಿಯ ಧಾರವಾಡದ ಸಿಮ್ ನಡೆಯಲೆಂದು, ಬೇರೆ ಸಿಮ್ ಹಿಡಿಯದಂತೆ ಕಂಪನಿ ಹಾಕಿದ್ದ ಲಾಕನ್ನು ಮಗ ತೆಗೆಸಿದ್ದರು. ಸಿಮ್ಮೇನೋ ನಡೆಯಿತು, ಆದರೆ ಆ ಫೋನಿಗೆ ಕಂಪನಿ ಕನ್ನಡ ಅಕ್ಷರಗಳನ್ನೇ ಹಾಕಿರಲಿಲ್ಲ. ಮಗನ ಫೋನೂ ಅಂಥದ್ದೇ. ಊರಿನಲ್ಲಿರುವ ಅಜ್ಜಿಯ ಅಕ್ಕನಿಗೆ ಕಿವಿ ಕೇಳಿಸದು, ಹಾಗಾಗಿ ಬರೆಯುವುದೊಂದೇ ದಾರಿ. ಚೌಕಗಳ ಸಾಲು ಗಿಡ್ಡವಿದ್ದರೆ ಊಟ ಆಯಿತೇ ಎಂದು ಕೇಳಿದ್ದಾಳೆ, ಉದ್ದವಿದ್ದರೆ ಊರ ಸುದ್ದಿ ಬರೆದಿದ್ದಾಳೆ ಎಂದು ಅಜ್ಜಿ ಅಂದಾಜು ಮಾಡಿಕೊಂಡು, ಎಲ್ಲಕ್ಕೂ ಕೈ ಮುಗಿದ ಚಿತ್ರವನ್ನೇ ಕಳಿಸುತ್ತಿದ್ದರಂತೆ.

ಕೊನೆಯ ಸಂದೇಶವನ್ನು ಬೆಂಗಳೂರಿನಿಂದ ತಂದ ನನ್ನ ಫೋನಿಗೆ ಕಳಿಸಿಕೊಂಡು ಗಟ್ಟಿಯಾಗಿ ಓದಿದೆ: “ನಾ ಇಷ್ಟೆಲ್ಲಾ ಬರದ್ರೂ ನೀ ಬರೇ ಕೈ ಮುಗೀತಿ. ನನ್ ಮ್ಯಾಲ ಸಿಟ್ಟೇನ?”

ಅಜ್ಜಿ ಸೆರಗಿನಿಂದ ಫೋನಿನ ಗಾಜನ್ನು ಒರೆಸುತ್ತಲೇ ಇದ್ದರು. ಸಿಟ್ಟೇನೂ ಇಲ್ಲ, ಅಜ್ಜಿಯ ಫೋನಿನಲ್ಲಿ ಕನ್ನಡ ಕಾಣುವುದಿಲ್ಲ ಎಂಬ ಉತ್ತರವನ್ನು ನಾನೇ ನನ್ನ ಫೋನಿನಿಂದ ಬರೆದು ಕಳಿಸಿದೆ.

ಈಗ ಆ ಅಕ್ಕ ನನ್ನ ನಂಬರಿಗೇ ಬರೆಯುತ್ತಾರೆ. ನನ್ನ ಕೋಣೆಯಲ್ಲಿ ಕುಳಿತು “ಊಟಾತೇನ?” ಎಂಬುದನ್ನು ಓದುತ್ತೇನೆ. ಇಲ್ಲಿ ನನ್ನನ್ನು ಹಾಗೆ ಕೇಳುವವರು ಯಾರೂ ಇಲ್ಲ. ಸ್ವಲ್ಪ ಹೊತ್ತು ಅದು ನನಗೇ ಬಂದದ್ದು ಎಂದುಕೊಂಡು, ಆಮೇಲೆ ಅಜ್ಜಿಗೆ ಫೋನ್ ಮಾಡಿ ಓದಿ ಹೇಳುತ್ತೇನೆ.