ಕಾಲು ಮುಂದಾಗಿ ಹುಟ್ಟಿದ ಶಿವವ್ವ

ಗೋವಾದ ಕೊರ್ತಾಲಿಮ್‌ನ ಕೂಲಿಗಳ ಜೋಪಡಿಸಾಲಿನಲ್ಲಿ ಶಿವವ್ವನ ಒದೆತಕ್ಕೆ ಪ್ರಸಾದದ ಮರ್ಯಾದೆಯಿತ್ತು. ಸಿಮೆಂಟ್ ಚೀಲ ಹೊತ್ತು ಟೊಂಕ ಹಿಡಿದ ಗಂಡಸರು ಭಾನುವಾರ ಮುಂಜಾನೆ ಅವಳ ಬಾಗಿಲ ಮುಂದೆ ಬೋರಲು ಮಲಗುತ್ತಿದ್ದರು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು ಮೂರು ಸಲ ಒದ್ದರೆ ಉಳುಕು ಬಿಡುತ್ತದೆ ಎಂದು ಅವರ ನಂಬಿಕೆ. ಶಿವವ್ವ ಒದೆಯುತ್ತಿದ್ದಳು, ಬೇಕಾದದ್ದಕ್ಕಿಂತ ತುಸು ಜೋರಾಗಿಯೇ.

"ಸಾಕೇನ್ರಪಾ ಗಂಡಸೂರ, ಇನ್ನೊಂದು ಹಾಕ್ಲೇನು?"

ಅವರು ಎದ್ದು, ಅವಳ ಪಾದ ಮುಟ್ಟಿ, ಹಗುರಾಯಿತೆಂದು ತಮಗೆ ತಾವೇ ಸುಳ್ಳು ಹೇಳಿಕೊಂಡು ಮತ್ತೆ ಚೀಲ ಹೊರಲು ಹೋಗುತ್ತಿದ್ದರು.

ಅವರಲ್ಲಿ ಒಬ್ಬನೂ ಅವಳ ಬಲಗೈಯ ಮಾತೆತ್ತಿದವನಲ್ಲ. ಹುಟ್ಟಿದಂದಿನಿಂದ ಅದು ಭುಜಕ್ಕೆ ಜೋತುಬಿದ್ದಿತ್ತು. ಅಂಗೈ ಹಿಂದಕ್ಕೆ ತಿರುಗಿ, ಲಂಚ ಇಸಿದುಕೊಳ್ಳುವ ಗುಮಾಸ್ತನ ಕೈಯಂತೆ. ಎಡಗೈಯೊಂದರಲ್ಲೇ ಜಲ್ಲಿಬುಟ್ಟಿ ತಲೆಗೇರಿಸಿ, ಎಡಗೈಯೊಂದರಲ್ಲೇ ರೊಟ್ಟಿ ಬಡಿದು, ಗಂಡ ಸತ್ತ ಮೇಲೆ ಮಗಳು ಸುಂದರವ್ವನನ್ನು ಬೆಳೆಸಿದ್ದಳು. ದೇವರು ಕಾಲಿಗೆ ಶಕ್ತಿ ಕೊಟ್ಟು ಕೈಯದನ್ನು ಕಿತ್ತುಕೊಂಡ ಎಂದು ಅವಳ ತಾಯಿ ಹೇಳುತ್ತಿದ್ದಳು. ಅಂಥ ದೇವರ ಬಗ್ಗೆ ಶಿವವ್ವನಿಗೆ, ತಕ್ಕಡಿ ಒತ್ತುವ ಅಂಗಡಿಯವನ ಬಗ್ಗೆ ಇರುವಷ್ಟು ಗೌರವ.

ತೊಂಬತ್ತೊಂದರ ಬೇಸಿಗೆಯಲ್ಲಿ ಸುಂದರವ್ವ ತುಂಬು ಬಸುರಿ. ಸಾಲಿನ ಸೂಲಗಿತ್ತಿ ಹುಲಿಗೆವ್ವ ಹೊಟ್ಟೆ ಒತ್ತಿ ನೋಡಿ ನಕ್ಕಳು. "ತಲಿ ಮ್ಯಾಲ ಐತಿ. ಅಜ್ಜಿ ಹಂಗ ಇದೂ ಕಾಲ್ಮುಂದನ ಬರತೈತಿ."

ಅಳಿಯ ಕಂಠೆಪ್ಪ ಹಿಗ್ಗಿಹೋದ. "ಚಲೋ ಆತಲ್ರಿ ಅತ್ತಿ! ಒಂದs ಮನಿಯಾಗ ಇಬ್ಬರು!"

"ಹೌದ್ರಿ ಅಳಿಯದೇವ್ರ. ಟೊಂಕಕ್ಕ ನಾನು, ನಿಮ್ಮ ತಲಿಗೆ ಅದು," ಎಂದಳು ಶಿವವ್ವ. "ಆಸ್ಪತ್ರಿಗೆ ಕರಕೊಂಡು ಹೋಗೂಣು."

"ಅಲ್ಲಿ ನಮ್ಮನ್ನ ಘಟ್ಟದ ಆಚಿ ಘಾಟಿ ಮಂದಿ ಅಂತ ಹೊರಗ ಕುಂದರಸ್ತಾರ. ಹುಲಿಗೆವ್ವಕ್ಕ ಇಂಥಾವು ಎಷ್ಟು ಎಳದಾಳ!"

"ಮೂರು ಎಳದಾಳ. ಎರಡು ಹುಗಿಸ್ಯಾಳ."

ನೋವು ಶುರುವಾದ ಮಧ್ಯಾಹ್ನ ಹುಲಿಗೆವ್ವ ಮೊಣಕೈತನಕ ಎಣ್ಣೆ ಸವರಿಕೊಂಡು ಬಂದಳು. ಶಿವವ್ವ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಗಳನ್ನ ಮುಟ್ಟಿದ್ರ ಒದೀತೀನಿ ನೋಡು. ಭಾನುವಾರದ ದಾರಿ ಕಾಯಂಗಿಲ್ಲ."

ಇಟ್ಟಿಗೆ ಇಳಿಸುತ್ತಿದ್ದ ಟೆಂಪೊ ಒಂದನ್ನು ನಿಲ್ಲಿಸಿ ಮಗಳನ್ನು ಮಲಗಿಸಿಕೊಂಡು ಝುವಾರಿ ಸೇತುವೆ ದಾಟಿದಳು. ಕಂಠೆಪ್ಪ ಮುಖ ಊದಿಸಿಕೊಂಡು ಹಿಂದೆ ಕುಳಿತ.

ಆಸ್ಪತ್ರೆಯ ನರ್ಸ್ ನಿಜಕ್ಕೂ ಘಾಟಿ ಎಂದಳು; ಈ ಜನ ಯಾವಾಗಲೂ ಕೊನೆ ಗಳಿಗೆಗೇ ಬರುತ್ತಾರೆಂದು ಕೊಂಕಣಿಯಲ್ಲಿ ಗೊಣಗಿದಳು. ಹೊಟ್ಟೆ ಕೊಯ್ಯುವಷ್ಟು ಹೊತ್ತು ಉಳಿದಿರಲಿಲ್ಲ, ಕೂಸು ಅಷ್ಟು ಕೆಳಗಿಳಿದಿತ್ತು. ನರೆಗೂದಲಿನ ಡಾಕ್ಟರಮ್ಮನಿಗೆ ಕನ್ನಡ ಬಾರದು, ಸುಂದರವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಹಾಗಾಗಿ ಕೂಲಿಯ ಜಾಗದಲ್ಲಿ ತುಸು ಹಿಂದಿ ಕಲಿತಿದ್ದ ಶಿವವ್ವನನ್ನು ಒಳಗೆ ಕರೆದರು.

ಮೊದಲು ಕುಂಡೆ ಬಂತು. ಕಾಲು ಜಾರಿ ಹೊರಬಂದವು. ಕೂಸು ಹೊಕ್ಕುಳತನಕ ಬಂದು ನಿಂತಿತು. ಡಾಕ್ಟರಮ್ಮ ಮುಟ್ಟಲಿಲ್ಲ, ಕೈಗವಸಿನ ಬೆರಳುಗಳನ್ನು ಹೆಣೆದುಕೊಂಡು ಸುಮ್ಮನೆ ಕುಳಿತಳು. ಶಿವವ್ವ ಉರಿದುಹೋದಳು. ಘಾಟಿಯವರ ಕೂಸಿಗೆ ಕೈ ಹೊಲಸು ಮಾಡಿಕೊಳ್ಳಲು ಈ ದೊಡ್ಡವಳಿಗೆ ಹೇಸಿಗೆ! ಹುಲಿಗೆವ್ವನಾದರೂ ಮುಟ್ಟುತ್ತಿದ್ದಳು.

"ಏನ್ ನೋಡಕೋತ ಕುಂತೀರಿ ಬಾಯಾರ? ಎಳೀರಿ!"

"ರಾವ್!" ಎಂದಳು ಡಾಕ್ಟರಮ್ಮ, ಕಣ್ಣು ಕದಲಿಸದೆ. ತಡಿ. ಆಮೇಲೆ ಒಡಕು ಹಿಂದಿಯಲ್ಲಿ ಹೇಳಿದಳು: ಎಳೆದರೆ ಕೂಸಿನ ಕೈ ಮೇಲೆ ಹೋಗಿ ತಲೆಯ ಪಕ್ಕದಲ್ಲಿ ಸಿಕ್ಕಿಬೀಳುತ್ತದೆ. ಮತ್ತೆ ಎಳೆದರೆ ಭುಜದ ನರ ಹರಿಯುತ್ತದೆ. ಎಷ್ಟೋ ಸಲ ಕೂಸೂ ಉಳಿಯುವುದಿಲ್ಲ. ಅವಳೇ ತಿಣುಕಲಿ, ಅವಳ ಮಾತಿನಲ್ಲಿ ಹೇಳು.

ಶಿವವ್ವ ತನ್ನ ಜೋತುಬಿದ್ದ ಬಲಗೈಯನ್ನು ನೋಡಿಕೊಂಡಳು. ನಲವತ್ತೆರಡು ವರ್ಷ ದೇವರನ್ನು ಬೈದಿದ್ದಳು. ಬೈಸಿಕೊಳ್ಳಬೇಕಾದದ್ದು ಹುಟ್ಟೂರಿನ ಸೂಲಗಿತ್ತಿಯ ಒಂದು ಜೊತೆ ಅವಸರದ ಕೈ. ಆ ಕೈಗಳಿಗೆ ಅವಳ ತಾಯಿ ಸಾಯುವತನಕ ವರ್ಷವರ್ಷವೂ ಹೋಳಿಗೆ ಕಳಿಸಿದ್ದಳು.

ಮಗಳ ಕಿವಿಗೆ ಬಾಗಿದಳು. "ತಿಣುಕು ನನ್ನವ್ವಾ. ಯಾರೂ ಎಳ್ಯಂಗಿಲ್ಲ. ನೀನs ಕಳಸು."

ಕೂಸು ತನ್ನ ಭಾರಕ್ಕೆ ತಾನೇ ಇಳಿಯಿತು. ಹೆಗಲ ರೆಕ್ಕೆಮೂಳೆ ಕಂಡಿತು. ಒಂದು ಕೈ ಎದೆಯ ಮೇಲಿಂದ ಜಾರಿ ಬಂತು, ಹಿಂದೆಯೇ ಇನ್ನೊಂದು. ಆಗ ಡಾಕ್ಟರಮ್ಮನ ಕೈ ಎದ್ದಿತು. ಕೂಸನ್ನು ಮುಂಗೈ ಮೇಲೆ ಮಲಗಿಸಿಕೊಂಡು, ಕೆನ್ನೆಗೆ ಎರಡು ಬೆರಳಿಟ್ಟು, ತಲೆಯನ್ನು ಮೆಲ್ಲಗೆ ಬಿಡಿಸಿದಳು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಘಾಟಿ ಎಂದಿದ್ದ ನರ್ಸೇ ಓಡಿಬಂದು ಗಂಟಲಿನ ಲೋಳೆ ತೆಗೆದು, ಬೆನ್ನು ತಿಕ್ಕಿ ತಿಕ್ಕಿ ಉಸಿರಾಡಿಸಿದಳು. ಅದು ಅತ್ತಾಗ ಶಿವವ್ವ ಗಂಡೋ ಹೆಣ್ಣೋ ನೋಡಲಿಲ್ಲ. ತನ್ನ ಎಡಗೈ ಬೆರಳನ್ನು ಒಂದು ಮುಷ್ಟಿಗೆ ಕೊಟ್ಟಳು, ತೆಗೆದು ಇನ್ನೊಂದಕ್ಕೆ ಕೊಟ್ಟಳು. ಎರಡೂ ಹಿಡಿದವು.

ಹೊರಗೆ ಕಂಠೆಪ್ಪ ಎದ್ದು ನಿಂತ. "ಕಾಲ್ಮುಂದ ಬಂತೇನ್ರಿ ಅತ್ತಿ?"

"ಕುಂಡಿ ಮುಂದ ಬಂತು. ಅಪ್ಪನ್ನ ಹೋಲತೈತಿ."

ಅವನ ಮುಖ ಇಳಿಯಿತು. "ಹಂಗಾರ ಅದು ಒದ್ರ ಏನೂ ಆಗಂಗಿಲ್ಲ?"

"ಕೈ ಎರಡೂ ಆಡಾಕತ್ತಾವು," ಎಂದಳು ಶಿವವ್ವ.

"ಕೈಗೇನ್ ಬಿಡ್ರಿ," ಎಂದ ಕಂಠೆಪ್ಪ, ಅವಳ ಎದುರಿಗೇ ನಿಂತು, "ಅವು ಎಲ್ಲಾರಿಗೂ ಇರತಾವು."